ಅರ್ಧ ಗಂಟೆ ನಿನ್ನ ಭಾಷೆ, ಅರ್ಧ ಗಂಟೆ ನನ್ನದು

ಬೆಂಗಳೂರಿನಲ್ಲಿ ಒಂದಾನೊಂದು ಕಾಲಕ್ಕೆ ಜರ್ಮನ್ ಕಲಿತವರಿಗೆ ಬರವಿಲ್ಲ. ಮ್ಯಾಕ್ಸ್ ಮುಲ್ಲರ್ ಭವನವೆಂದೇ ಊರಿಗೆ ಗೊತ್ತಿರುವ ಗೋಥೆ ಸಂಸ್ಥೆ ಇಲ್ಲಿ 1960ರಿಂದ ಇದೆ. ಬಾಷ್, ಎಸ್‌ಎಪಿ, ಮರ್ಸಿಡಿಸ್ ಕಂಪನಿಗಳ ದೊಡ್ಡ ಕಚೇರಿಗಳಿವೆ. ಬವೇರಿಯಾ ರಾಜ್ಯದ ಜೊತೆ ಕರ್ನಾಟಕಕ್ಕೆ 2007ರಿಂದ ಸಹಭಾಗಿತ್ವವಿದೆ. ಎಂ.ಎಸ್. ಓದಲು ಹೊರಟವರು, ನರ್ಸಿಂಗ್ ಕೆಲಸಕ್ಕೆ ಅರ್ಜಿ ಹಾಕಿದವರು, ಆಫೀಸು ಮುಗಿಸಿ ಸಂಜೆ ತರಗತಿಗೆ ಓಡಿದ ಎಂಜಿನಿಯರುಗಳು ಎ2, ಬಿ1 ಎಂಬ ಹಂತಗಳ ಮೆಟ್ಟಿಲು ಹತ್ತಿದರು. ಆಮೇಲೆ ಪ್ರಾಜೆಕ್ಟ್ ಬದಲಾಯಿತು, ಇಲ್ಲವೇ ವೀಸಾ ಬರಲಿಲ್ಲ. ಸರ್ಟಿಫಿಕೇಟು ಬೀರುವಿನಲ್ಲಿ ಉಳಿಯಿತು.

ಹೀಗೆ ಕೈಬಿಟ್ಟ ಭಾಷೆ ಎಲ್ಲ ಕಡೆಯಿಂದ ಒಂದೇ ಸಮನೆ ಮರೆತುಹೋಗುವುದಿಲ್ಲ. ಓದಿದರೆ ಅರ್ಥವಾಗುತ್ತದೆ. ಜರ್ಮನಿಯ ಡಾಯ್ಚ ವೆಲ್ಲೆ ಪ್ರಸಾರ ಸಂಸ್ಥೆ, ಕಲಿಯುವವರಿಗೆಂದೇ ನಿಧಾನವಾಗಿ ಓದುವ ವಾರ್ತೆಯೂ ಬಹುಮಟ್ಟಿಗೆ ತಿಳಿಯುತ್ತದೆ. ಬಾಯಿ ತೆರೆದಾಗಲೇ ಪೇಚಾಟ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಕನ್ನಡದ ಕಿವಿಗೆ ಹೊಸದೇನಲ್ಲ. ಆದರೆ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ ಎಂಬ ಲೆಕ್ಕ ಬಳಕೆ ತಪ್ಪಿದೊಡನೆ ಕಲಸಿಹೋಗುತ್ತದೆ. ಇದಕ್ಕೆ ಇನ್ನೊಂದು ವ್ಯಾಕರಣದ ಪುಸ್ತಕ ಕೊಂಡು ಉಪಯೋಗವಿಲ್ಲ. ಎದುರಿಗೊಬ್ಬರು ಬೇಕು, ತಡವರಿಸಿದರೂ ಕಾಯುವಂಥವರು.

ಅಂಥವರನ್ನು ದುಡ್ಡು ಕೊಡದೆ ಪಡೆಯುವ ಏರ್ಪಾಡಿಗೆ ಯುರೋಪಿನಲ್ಲಿ ಟ್ಯಾಂಡೆಮ್ ಎಂದು ಹೆಸರು. ಅದು ಇಬ್ಬರು ಕೂಡಿ ತುಳಿಯುವ ಸೈಕಲ್ಲಿನ ಹೆಸರು. ಎರಡು ಮಹಾಯುದ್ಧಗಳಲ್ಲಿ ಕಾದಾಡಿದ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ 1963ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡವು. ಫ್ರಾನ್ಸಿನ ಡಿ ಗಾಲ್ ಮತ್ತು ಜರ್ಮನಿಯ ಅಡೆನೌವರ್ ಸಹಿ ಹಾಕಿದ ಆ ಒಪ್ಪಂದದ ಬೆನ್ನಿಗೇ ಎರಡೂ ದೇಶಗಳ ಯುವಜನರಿಗಾಗಿ ಜಂಟಿ ಕಚೇರಿಯೊಂದು ಹುಟ್ಟಿತು. ಅದರ ಶಿಬಿರಗಳಲ್ಲಿ ಫ್ರೆಂಚ್ ಹುಡುಗರನ್ನೂ ಜರ್ಮನ್ ಹುಡುಗರನ್ನೂ ಜೋಡಿ ಮಾಡಿ ಕೂರಿಸಿ, ಒಬ್ಬರಿಂದೊಬ್ಬರು ಕಲಿಯುವಂತೆ ಮಾಡಿದರು. 1970ರ ದಶಕದ ಕೊನೆಗೆ ಮ್ಯಾಡ್ರಿಡ್‌ನಲ್ಲಿ ಯೂರ್ಗೆನ್ ವೋಲ್ಫ್ ಇದನ್ನೇ ಸ್ಪ್ಯಾನಿಷ್ ಮತ್ತು ಜರ್ಮನ್ ಭಾಷೆಗಳಿಗೆ ಹೊಂದಿಸಿಕೊಂಡರು. 1990ರ ದಶಕದಲ್ಲಿ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಹೆಲ್ಮುಟ್ ಬ್ರಾಮರ್ಟ್ಸ್ ಮತ್ತು ಸಂಗಡಿಗರು ಬೇರೆ ಬೇರೆ ದೇಶದ ವಿದ್ಯಾರ್ಥಿಗಳನ್ನು ಇಮೇಲ್ ಮೂಲಕ ಜೋಡಿಸತೊಡಗಿದರು. ವಿಡಿಯೊ ಕರೆ ಇನ್ನೂ ಮನೆಮನೆಗೆ ಬಂದಿರದ ಕಾಲ ಅದು.

ಈಗ ಆ ಕೆಲಸ ಫೋನಿನಲ್ಲೇ ಆಗುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಆ್ಯಪೊಂದಕ್ಕೂ ಟ್ಯಾಂಡೆಮ್ ಎಂದೇ ಹೆಸರಿಟ್ಟಿದ್ದಾರೆ. ಹೆಲೋಟಾಕ್ ಎಂಬುದು ಇನ್ನೊಂದು. ಬರುವ ಭಾಷೆ, ಕಲಿಯುವ ಭಾಷೆ ಎರಡನ್ನೂ ನಮೂದಿಸಿದರೆ ಜೋಡಿ ತೋರಿಸುತ್ತವೆ. ಕಾಸು ಕೊಟ್ಟೇ ಮಾತಾಡುತ್ತೇನೆ ಎನ್ನುವವರಿಗೆ ಐಟಾಕಿ ಇದೆ. ಅಲ್ಲಿ ತರಬೇತಾದ ಮೇಷ್ಟರ ಜೊತೆಗೆ, ಕಡಿಮೆ ದರಕ್ಕೆ ಬರೀ ಮಾತಿಗೆ ಕೂರುವವರೂ ಸಿಗುತ್ತಾರೆ. ಜರ್ಮನಿಗೇ ಹೋಗಿ ನೆಲೆಸಿ, ಆಫೀಸನ್ನೆಲ್ಲ ಇಂಗ್ಲಿಷಿನಲ್ಲಿ ದೂಡುತ್ತಿರುವ ಕನ್ನಡಿಗರು ಆ್ಯಪಿನ ಗೋಜಿಗೆ ಹೋಗದೆ ಊರಿನ ಗ್ರಂಥಾಲಯದಲ್ಲಿ ವಿಚಾರಿಸುವುದು ಲೇಸು. ಹ್ಯಾಂಬರ್ಗ್‌ನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸ್ವಯಂಸೇವಕರು ನಡೆಸುವ ಮಾತುಕತೆ ಗುಂಪುಗಳಿಗೆ ಶುಲ್ಕವೇ ಇಲ್ಲ.

ಜೋಡಿ ಸಿಗುವುದು ಸುಲಭ, ಜರ್ಮನ್‌ನಲ್ಲಿ ನಿಲ್ಲುವುದು ಕಷ್ಟ. ನಮ್ಮವರ ಜರ್ಮನ್‌ಗಿಂತ ಜರ್ಮನರ ಇಂಗ್ಲಿಷ್ ಸಾಮಾನ್ಯವಾಗಿ ಮುಂದಿರುತ್ತದೆ. ಎರಡು ವಾಕ್ಯ ತಡವರಿಸುವಷ್ಟರಲ್ಲಿ ಆ ಕಡೆಯವರು ಮರ್ಯಾದೆಗೆಂದು ಇಂಗ್ಲಿಷಿಗೆ ಹೊರಳುತ್ತಾರೆ, ಈ ಕಡೆಯವರು ಬದುಕಿದೆಯಾ ಬಡಜೀವವೇ ಎಂದು ಅಲ್ಲೇ ಉಳಿದುಬಿಡುತ್ತಾರೆ. ಬೋಖುಮ್‌ನವರ ಇಮೇಲ್ ಜೋಡಿಗಳಿಗೆ ಇದಕ್ಕೊಂದು ಕಟ್ಟಲೆಯಿತ್ತು: ಪತ್ರದಲ್ಲಿ ಅರ್ಧ ನಿನ್ನ ಭಾಷೆ, ಅರ್ಧ ನನ್ನದು. ಕರೆಯಲ್ಲೂ ಅದೇ ಸರಿ. ಫೋನಿನಲ್ಲಿ ಅರ್ಧ ಗಂಟೆಗೆ ಅಲಾರಂ ಇಟ್ಟು, ಜರ್ಮನ್ ಸರದಿಯನ್ನು ಮೊದಲು ಮುಗಿಸಬೇಕು. ಕೊನೆಗೆ ಉಳಿಸಿಕೊಂಡರೆ ದಣಿವಿನ ನೆಪ ಬರುತ್ತದೆ. ತಪ್ಪು ತಿದ್ದುವ ಬಗೆಯನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಪ್ರತಿ ವಾಕ್ಯಕ್ಕೂ ತಡೆದರೆ ಮಾತು ಸಾಯುತ್ತದೆ, ಏನೂ ತಿದ್ದದಿದ್ದರೆ ಹಳೆಯ ತಪ್ಪುಗಳೇ ಗಟ್ಟಿಯಾಗುತ್ತವೆ. ಮಾತಿನ ನಡುವೆ ಸುಮ್ಮನಿದ್ದು, ಸರಿಯಾದ ರೂಪವನ್ನು ಚಾಟ್‌ನಲ್ಲಿ ಬರೆದಿಡುವ ಜೋಡಿಗಳು ಹೆಚ್ಚು ಕಾಲ ಬಾಳುತ್ತವೆ.

ಪರಿಚಯದ ಮೊದಲ ಸಂದೇಶಕ್ಕೂ ತೂಕವಿರಬೇಕು. ಬರೀ ‘ಹಾಯ್’ ಎಂದು ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ಅಚ್ಚರಿಯಿಲ್ಲ. ಆ ಕಡೆಯವರ ಡಬ್ಬಿಯಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ಹೆಣ್ಣುಮಕ್ಕಳಿಗಂತೂ ಭಾಷೆಯ ನೆಪದಲ್ಲಿ ಬೇರೆ ಹಾದಿ ಹಿಡಿಯುವವರ ಕಾಟವಿದೆ. ಅಂಥವರನ್ನು ಬ್ಲಾಕ್ ಮಾಡಲು ದಾಕ್ಷಿಣ್ಯ ಬೇಡ. ಮೊದಲ ಸಂದೇಶದಲ್ಲಿ, ತಪ್ಪಿದ್ದರೂ ಪರವಾಗಿಲ್ಲ, ಜರ್ಮನ್‌ನಲ್ಲೇ ಮೂರು ಸಾಲು ಬರೆದು, ಎಲ್ಲಿಯವರೆಗೆ ಕಲಿತದ್ದು, ಬಿಟ್ಟು ಎಷ್ಟು ಕಾಲವಾಯಿತು, ಯಾವ ದಿನ ಬಿಡುವು ಎಂದು ತಿಳಿಸಿದರೆ ಕೆಲಸಕ್ಕೆ ಬರುವವರು ಗುರುತು ಹಿಡಿಯುತ್ತಾರೆ. ಜರ್ಮನ್‌ನಲ್ಲೂ ನಮ್ಮಂತೆ ನೀನು, ನೀವು ಎರಡೂ ಇವೆ, ಆದರೆ ಈ ಬಳಗದಲ್ಲಿ ಏಕವಚನವೇ ವಾಡಿಕೆ.

ಬದಲಿಗೆ ಕೊಡುವುದು ಇಂಗ್ಲಿಷನ್ನೇ ಆಗಬೇಕೆಂದಿಲ್ಲ. ಕನ್ನಡ ಬೇಕೆನ್ನುವ ಜರ್ಮನರು ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಂಗಳೂರಿನಲ್ಲಿ ಪತ್ರಿಕೆ ತೆಗೆದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಅಲ್ಲಿಂದ ಬಂದವರು. ನಮ್ಮ ಕಾಲದಲ್ಲೂ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭಾರತ ಅಧ್ಯಯನ ವಿಭಾಗದಲ್ಲಿ ಕನ್ನಡ ಪಾಠ ನಡೆದಿದೆ, ಬಿ.ಎ. ವಿವೇಕ ರೈ ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಕನ್ನಡದ ಸೊಸೆಯೋ ಅಳಿಯನೋ ಆಗಿ, ಅತ್ತೆಮನೆಯ ಮಾತು ಕಲಿಯಲು ಒದ್ದಾಡುವ ಜರ್ಮನರೂ ಇದ್ದಾರೆ. ಆ್ಯಪಿನಲ್ಲಿ ಕನ್ನಡವೆಂದೂ ನಮೂದಿಸಿಟ್ಟರೆ ನಷ್ಟವೇನಿಲ್ಲ.

ಉಳಿದದ್ದು ಗಡಿಯಾರದ ಕಾಟ. ಬೇಸಿಗೆಯಲ್ಲಿ ಭಾರತ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಜರ್ಮನರ ಸಂಜೆ ಏಳಕ್ಕೆ ಕೂತರೆ ಇಲ್ಲಿ ರಾತ್ರಿ ಹತ್ತೂವರೆ, ಇಲ್ಲವೇ ಹನ್ನೊಂದೂವರೆ. ಅದಕ್ಕಿಂತ ಅವರ ಭಾನುವಾರದ ಬೆಳಗ್ಗೆ ಹತ್ತು ಗಂಟೆ ಹಿತ. ನಮ್ಮಲ್ಲಿ ಆಗ ಊಟದ ಹೊತ್ತು. ಮಾತಿಗೆ ವಿಷಯ ತೋಚದಿದ್ದರೆ ರೈಲಿನ ಸುದ್ದಿ ಎತ್ತಬಹುದು. ಶಿಸ್ತಿನ ದೇಶವೆಂದು ನಾವಂದುಕೊಂಡ ಕಡೆ 2024ರಲ್ಲಿ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಓಡಿದ್ದು ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಲೆಕ್ಕಕ್ಕೆ ಹಿಡಿಯದೆ. ರೈಲಿನ ಮಾತು ಬಂದರೆ ಅರ್ಧ ಗಂಟೆಯ ಅಲಾರಂ ಹೊಡೆದದ್ದೂ ಅವರಿಗೆ ಕೇಳಿಸದು.