ಬೆಳಕು ಕೂಡಿಡುವವರು

ದೇವಯಾನಿ ಗೆಲಾಕ್ಸಿಯಷ್ಟು ಫೋಟೊ ತೆಗೆಸಿಕೊಂಡ ಗೆಲಾಕ್ಸಿ ಇನ್ನೊಂದಿರಲಾರದು. ಆಂಡ್ರೊಮಿಡಾ, ಎಂ-31 ಎಂದೆಲ್ಲ ಕರೆಸಿಕೊಳ್ಳುವ ಇದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಕತ್ತಲಿರುವ ಊರಿನಲ್ಲಿ ಬರಿಗಣ್ಣಿಗೇ ಮಸುಕು ಮಚ್ಚೆಯಾಗಿ ಕಾಣುತ್ತದೆ. ಇದರ ಸುರುಳಿ ರಚನೆಯನ್ನು ಮೊದಲು ಫೋಟೊದಲ್ಲಿ ಹಿಡಿದವನು ಐಸಾಕ್ ರಾಬರ್ಟ್ಸ್. ವೇಲ್ಸ್ ಮೂಲದ ಈತ ವೃತ್ತಿಯಿಂದ ಉದ್ಯಮಿ, ಖಗೋಳ ಇವನ ಹವ್ಯಾಸ. 1888ರ ಡಿಸೆಂಬರ್‌ನಲ್ಲಿ ಅವನು ತೆಗೆದ ಆ ಚಿತ್ರ ನೋಡಿದವರಿಗೆ, ಹೊಸ ಸೌರಮಂಡಲವೊಂದು ರೂಪುಗೊಳ್ಳುತ್ತಿದೆಯೇನೋ ಅನ್ನಿಸಿತ್ತು. ಅಲ್ಲಿಂದ ಈಚೆಗೆ ಜಗತ್ತಿನ ದೊಡ್ಡ ವೀಕ್ಷಣಾಲಯಗಳೆಲ್ಲ ಅದನ್ನು ಜಾಲಾಡಿವೆ. ಹೊಸದಾಗಿ ದೂರದರ್ಶಕ ಕೊಂಡವರೂ ಮೊದಲು ತಿರುಗಿಸುವುದು ಅತ್ತಲೇ. ಇಷ್ಟು ಜನ ಸೋಸಿ ನೋಡಿದ ಜಾಗದಲ್ಲಿ ಹೊಸದೇನು ಉಳಿದಿದ್ದೀತು?

ಉಳಿದಿತ್ತು. 2022ರಲ್ಲಿ ಫ್ರಾನ್ಸಿನ ಯಾನ್ ಸೈಂಟಿ, ಅದೇ ದೇಶದ ಕ್ಸೇವಿಯರ್ ಸ್ಟ್ರಾಟ್ನರ್, ಜರ್ಮನಿಯ ಮಾರ್ಸೆಲ್ ಡ್ರೆಕ್ಸ್ಲರ್ ಎಂಬ ಮೂವರು ಹವ್ಯಾಸಿಗಳು ಗೆಲಾಕ್ಸಿಯ ಪಕ್ಕದಲ್ಲೇ ನೀಲಿ ಬಣ್ಣದ ಒಂದು ದೊಡ್ಡ ಕಮಾನನ್ನು ಪತ್ತೆ ಮಾಡಿದರು. ಉದ್ದ ಸುಮಾರು ಒಂದೂವರೆ ಡಿಗ್ರಿ, ಅಂದರೆ ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಅಷ್ಟು ದೊಡ್ಡದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೈಂಟಿ ಬಳಸಿದ್ದು 106 ಮಿಲಿಮೀಟರ್ ಮಸೂರದ ದೂರದರ್ಶಕ. ದುಡ್ಡು ಇದ್ದರೆ ಯಾರು ಬೇಕಾದರೂ ಅಂಗಡಿಯಿಂದ ತರಬಹುದಾದದ್ದು. ಆದರೆ ಬೆಳಕು ಕೂಡಿಸಿದ ಅವಧಿ ಒಟ್ಟು 111 ಗಂಟೆ.

ಇಡೀ ಹವ್ಯಾಸದ ಗುಟ್ಟು ಈ 111 ಗಂಟೆಯಲ್ಲಿದೆ. ದೊಡ್ಡ ದೂರದರ್ಶಕಗಳಲ್ಲಿ ಒಂದೊಂದು ರಾತ್ರಿಗೂ ವಿಜ್ಞಾನಿಗಳು ಅರ್ಜಿ ಹಾಕಿ ಕಾಯಬೇಕು. ಸಿಕ್ಕ ಕೆಲವೇ ಗಂಟೆಗಳಲ್ಲಿ ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಜಾಗ ಖಾಲಿ ಮಾಡಬೇಕು. ಮೇಲಾಗಿ ಅವು ನೋಡುವುದು ಆಕಾಶದ ಚಿಕ್ಕ ಚೂರನ್ನು. ಹವ್ಯಾಸಿಗೆ ಈ ಯಾವ ಅವಸರವೂ ಇಲ್ಲ. ಚಿಕ್ಕ ಮಸೂರಕ್ಕೆ ವಿಶಾಲವಾದ ಬಾನು ಒಟ್ಟಿಗೇ ಕಾಣುತ್ತದೆ. ಅದನ್ನೇ ರಾತ್ರಿ ಮೇಲೆ ರಾತ್ರಿ ನೋಡುತ್ತ ಕೂತರೆ ಕೇಳುವವರು ಯಾರು, ಮನೆಯವರನ್ನು ಬಿಟ್ಟರೆ?

ಕಮಾನು ಕಂಡ ಕೂಡಲೇ ಅವರು ಕುಣಿದಾಡಲಿಲ್ಲ ಎಂಬುದು ನನಗೆ ಹೆಚ್ಚು ಇಷ್ಟವಾದ ಸಂಗತಿ. ಮಸೂರದೊಳಗಿನ ಪ್ರತಿಫಲನ ಇರಬಹುದು, ಸಂಸ್ಕರಣೆಯಲ್ಲಿ ಹುಟ್ಟಿದ ಕಲೆ ಇರಬಹುದು. ಬೇರೆ ಕಡೆಯ ಹವ್ಯಾಸಿಗಳು ಬೇರೆ ದೂರದರ್ಶಕ, ಬೇರೆ ಕ್ಯಾಮೆರಾ ಇಟ್ಟು ಅದೇ ಜಾಗ ನೋಡಿದರು. ಅವರಿಗೂ ಕಂಡಿತು. ಡಾರ್ಟ್‌ಮತ್ ಕಾಲೇಜಿನ ರಾಬರ್ಟ್ ಫೆಸೆನ್ ಮೊದಲಾದ ವೃತ್ತಿಪರ ಖಗೋಳಜ್ಞರೊಂದಿಗೆ ಸೇರಿ 2023ರ ಜನವರಿಯಲ್ಲಿ ಇದು ಪ್ರಬಂಧವಾಗಿ ಪ್ರಕಟವಾಯಿತು. ಕಮಾನಿಗೆ ಮೂವರ ಕುಲನಾಮಗಳ ಮೊದಲಕ್ಷರಗಳ ಜೊತೆ ‘ಆಬ್ಜೆಕ್ಟ್’ನ ಒ ಜೋಡಿಸಿ ಎಸ್‌ಡಿಎಸ್‌ಒ-1 ಎಂದು ಹೆಸರಿಟ್ಟರು. ಆ ಚಿತ್ರಕ್ಕೆ ಅದೇ ವರ್ಷ ಗ್ರೀನಿಚ್ ವೀಕ್ಷಣಾಲಯದ ಖಗೋಳ ಛಾಯಾಗ್ರಹಣ ಸ್ಪರ್ಧೆಯ ದೊಡ್ಡ ಬಹುಮಾನವೂ ಬಂತು. ಆ ಕಮಾನು ದೇವಯಾನಿಯ ನೆರೆಯಲ್ಲಿದೆಯೋ ಅಥವಾ ನಮ್ಮ ಕ್ಷೀರಪಥದೊಳಗೇ ಇದ್ದು ನಮಗೆ ಪಕ್ಕದಲ್ಲಿರುವಂತೆ ಕಾಣುತ್ತಿದೆಯೋ ಎಂಬ ಚರ್ಚೆ ಮಾತ್ರ ಆಮೇಲೂ ನಡೆದಿದೆ.

ಈ ಕಸುಬಿನ ಒಳಗೆ ಸ್ವಲ್ಪ ಇಣುಕೋಣ. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ ದೂರದರ್ಶಕಕ್ಕೆ ಕಟ್ಟಿದ ಕ್ಯಾಮೆರಾವನ್ನು ಸುಮ್ಮನೆ ಸ್ಟ್ಯಾಂಡ್ ಮೇಲಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಚುಕ್ಕಿ ಗೆರೆಯಾಗುತ್ತದೆ. ಅದಕ್ಕೆ ಬೇಕಾದ್ದು ಧ್ರುವ ನಕ್ಷತ್ರಕ್ಕೆ ಅಕ್ಷ ಹೊಂದಿಸಿಕೊಂಡು ಬಾನಿನ ಜೊತೆಗೇ ತಿರುಗುವ ಮೌಂಟ್. ಬೆಂಗಳೂರಿನಲ್ಲಿ ಧ್ರುವ ಇರುವುದೇ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿ. ಉತ್ತರಕ್ಕೊಂದು ಅಪಾರ್ಟ್‌ಮೆಂಟ್ ಎದ್ದರೆ ಮುಗಿಯಿತು, ಬೇರೆ ದಾರಿ ಹುಡುಕಬೇಕು. ಹೊಂದಿಸಿದ ಮೇಲೆ ಒಂದೊಂದು ಫ್ರೇಮಿಗೆ ಹತ್ತು ಸೆಕೆಂಡೋ ಹತ್ತು ನಿಮಿಷವೋ ಬೆಳಕು ಹಿಡಿದು, ಅಂಥ ನೂರಾರು ಫ್ರೇಮುಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಡುತ್ತಾರೆ. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಕ್ಯಾಮೆರಾದ ಗದ್ದಲ (ನಾಯ್ಸ್) ಪ್ರತಿ ಫ್ರೇಮಿನಲ್ಲೂ ಒಂದೊಂದು ಕಡೆ ಬೀಳುತ್ತದೆ, ನೀಹಾರಿಕೆಯ ಬೆಳಕು ಮಾತ್ರ ಅದೇ ಜಾಗದಲ್ಲಿ ಬೀಳುತ್ತದೆ. ಹಾಗಾಗಿ ನೂರು ಫ್ರೇಮು ಕೂಡಿದರೆ ಗದ್ದಲಕ್ಕಿಂತ ಬೆಳಕಿನ ಕೈ ಹತ್ತು ಪಟ್ಟು ಮೇಲಾಗುತ್ತದೆ. ಇನ್ನೂ ಹತ್ತು ಪಟ್ಟು ಬೇಕೆಂದರೆ ಹತ್ತು ಸಾವಿರ ಫ್ರೇಮು! ಒಂದೇ ವಸ್ತುವಿಗೆ ತಿಂಗಳುಗಟ್ಟಲೆ ಅಂಟಿಕೊಳ್ಳುವುದು ಈ ಲೆಕ್ಕದಿಂದಾಗಿ.

ಮಸೂರದ ಮುಚ್ಚಳ ಹಾಕಿಯೇ ಕೆಲವು ಫ್ರೇಮು ತೆಗೆಯುತ್ತಾರೆ. ಕಾದ ಸಂವೇದಕ ತಾನಾಗಿ ಹುಟ್ಟಿಸುವ ಚುಕ್ಕಿಗಳನ್ನು ಅಸಲಿ ಚಿತ್ರದಿಂದ ಕಳೆಯುವುದಕ್ಕೆ. ಬೆಳಗಾಗುತ್ತಿದ್ದಂತೆ ದೂರದರ್ಶಕದ ಬಾಯಿಗೆ ಬಿಳಿ ಟೀ-ಶರ್ಟ್ ಸುಕ್ಕಿಲ್ಲದಂತೆ ಎಳೆದು ಕಟ್ಟಿ, ಬೆಳ್ಳಗಾಗುವ ಆಕಾಶಕ್ಕೆ ಹಿಡಿದು ಇನ್ನಷ್ಟು ಫ್ರೇಮು. ಗಾಜಿನ ಮೇಲಿನ ಧೂಳಿನ ಕಣಗಳು ಅದರಲ್ಲಿ ಬಳೆಗಳಂತೆ ಮೂಡುತ್ತವೆ. ಅವನ್ನೂ ಲೆಕ್ಕ ಹಾಕಿ ತೆಗೆದುಬಿಡುತ್ತಾರೆ. ನಿದ್ದೆಗೆಟ್ಟ ಕಣ್ಣಲ್ಲಿ ತಾರಸಿಯ ಮೇಲೆ ಟೀ-ಶರ್ಟ್ ಕಟ್ಟುತ್ತಿರುವವರನ್ನು ಹಾಲು ಹಾಕಲು ಬಂದವರು ಏನೆಂದುಕೊಂಡಾರೋ.

ಆ ಬಣ್ಣ ನಿಜವೇ ಎಂಬುದು ಇಂಥ ಚಿತ್ರ ತೋರಿಸಿದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ. ನಿಜ, ಆದರೆ ನಮ್ಮ ಕಣ್ಣಿನದಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿ ಇಲ್ಲ. ದೂರದರ್ಶಕದಲ್ಲಿ ಬಹುತೇಕ ನೀಹಾರಿಕೆಗಳು ಬೂದಿಬಣ್ಣದ ಹೊಗೆಯಂತೆಯೇ ಕಾಣುತ್ತವೆ, ಮೊದಲ ಸಲ ನೋಡಿದವರಿಗೆ ನಿರಾಸೆಯೇ ಆಗುತ್ತದೆ. ಗಂಭೀರ ಹವ್ಯಾಸಿಗಳ ಕ್ಯಾಮೆರಾ ಹೆಚ್ಚಾಗಿ ಕಪ್ಪು-ಬಿಳುಪಿನದು. ಅದರ ಮುಂದೆ ಒಂದೊಂದೇ ಫಿಲ್ಟರ್ ಇಡುತ್ತಾರೆ. ಹೈಡ್ರೋಜನ್ ಹೊಮ್ಮಿಸುವ 656 ನ್ಯಾನೊಮೀಟರ್‌ನ ಕೆಂಪಿಗೆ ಒಂದು, ಆಕ್ಸಿಜನ್ನಿನ 501 ನ್ಯಾನೊಮೀಟರ್‌ನ ನೀಲಿಹಸಿರಿಗೆ ಇನ್ನೊಂದು. ಆಮೇಲೆ ಯಾವುದಕ್ಕೆ ಯಾವ ಬಣ್ಣ ಎಂಬ ತೀರ್ಮಾನ. ಹಬಲ್ ದೂರದರ್ಶಕ 1995ರಲ್ಲಿ ತೆಗೆದ, ಗರುಡ ನೀಹಾರಿಕೆಯ ‘ಸೃಷ್ಟಿಯ ಕಂಬಗಳು’ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಕ್ಸಿಜನ್ನಿಗೆ ನೀಲಿ ಕೊಟ್ಟಿದ್ದರು. ಆ ಪದ್ಧತಿ ಎಷ್ಟು ಜನಪ್ರಿಯವಾಯಿತೆಂದರೆ ಇವತ್ತಿಗೂ ಹವ್ಯಾಸಿಗಳು ಅದನ್ನೇ ಅನುಸರಿಸುತ್ತಾರೆ. ಇದನ್ನು ಮೋಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಎಲ್ಲಿ ಯಾವ ಅನಿಲ ಇದೆ ಎಂಬುದು ಆ ಬಣ್ಣಗಳಿಂದಲೇ ಒಂದು ನೋಟಕ್ಕೆ ತಿಳಿಯುತ್ತದೆ. ದೇವಯಾನಿಯ ಪಕ್ಕದ ಕಮಾನು ಸಿಕ್ಕಿದ್ದೂ ಆಕ್ಸಿಜನ್ ಫಿಲ್ಟರಿನಲ್ಲಿ. ಮೋಸ ಆಗುವುದು ಹೇಗೆ ತೆಗೆದೆವೆಂದು ಹೇಳದೆ ಮುಚ್ಚಿಟ್ಟಾಗ.

ಚಿತ್ರ ತೆಗೆಯುವಷ್ಟೇ ರುಚಿ ಇನ್ನೊಬ್ಬರ ಚಿತ್ರವನ್ನು ಕೂತು ಓದುವುದರಲ್ಲೂ ಇದೆ. ಅನುಭವಿಗಳ ಮಾತುಕತೆಗೆ ಕಿವಿಗೊಟ್ಟರೆ ಗೊತ್ತಾಗುತ್ತದೆ: ಮೂಲೆಯ ಚುಕ್ಕಿಗಳು ಮೊಟ್ಟೆಯಾಕಾರವಾಗಿವೆ, ಸಂವೇದಕ ವಾರೆಯಾಗಿದೆ, ಹಿನ್ನೆಲೆ ತೀರಾ ಕಪ್ಪು, ಮಂದ ಬೆಳಕನ್ನೆಲ್ಲ ಕತ್ತರಿಸಿಬಿಟ್ಟಿದ್ದೀರಿ, ಆ ಗೆರೆ ಉಲ್ಕೆಯದಲ್ಲ, ಉಪಗ್ರಹದ್ದು. ಚುಕ್ಕಿಯ ಸುತ್ತಲಿನ ಕಿರಣಗಳನ್ನು ಎಣಿಸಿಯೇ ದೂರದರ್ಶಕದ ಜಾತಿ ಹೇಳುತ್ತಾರೆ. ಕನ್ನಡಿ ದೂರದರ್ಶಕದೊಳಗಿನ ಆಧಾರಪಟ್ಟಿಗಳಿಂದ ನಾಲ್ಕು ಕಿರಣ ಮೂಡುತ್ತವೆ, ಹಬಲ್ ಚಿತ್ರಗಳಲ್ಲಿ ಇರುವಂತೆ. ಬಾಹ್ಯಾಕಾಶದ ದೂರದರ್ಶಕ ಜೇಮ್ಸ್ ವೆಬ್‌ನದಾದರೆ ಆರು ದೊಡ್ಡವು, ಎರಡು ಸಣ್ಣವು. ಬರಿ ಮಸೂರದ್ದಾದರೆ ಕಿರಣವೇ ಇಲ್ಲ. ಬಿದಿಗೆಯ ಚಂದ್ರನ ಬಳುಕಿನೊಳಗೆ ನಕ್ಷತ್ರ ಹೊಳೆಯುವ ಚಿತ್ರ ವಾಟ್ಸ್ಆ್ಯಪ್‌ಗೆ ಬಂದರೆ ಇವರು ನಕ್ಕು ಅಳಿಸಿಹಾಕುತ್ತಾರೆ. ಚಂದ್ರನ ಕತ್ತಲ ಭಾಗ ಅಲ್ಲೇ ಇರುವಾಗ ಅದರ ಹಿಂದಿನ ಚುಕ್ಕಿ ಕಾಣುವುದೆಂತು?

ಈ ಓದು ಬಾರದಿದ್ದರೆ ಏನಾಗುತ್ತದೆಂದು 2022ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಎಟಿಯೆನ್ ಕ್ಲೈನ್ ತೋರಿಸಿದರು. ಕೆಂಪಗಿನ ಗುಂಡು ಚಿತ್ರವೊಂದನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ, ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯನ್ನು ವೆಬ್ ಹೀಗೆ ಕಂಡಿದೆ ಎಂದರು. ಸಾವಿರಾರು ಜನ ಬೆರಗಾದರು. ಅದು ಸ್ಪೇನಿನ ಚೊರಿಝೊ ಎಂಬ ಮಾಂಸದ ಸಾಸೇಜಿನ ಒಂದು ಹೋಳು. ಆಮೇಲೆ ಅವರು ಕ್ಷಮೆ ಕೇಳಿದರು.

ನೋಡುವುದನ್ನೇ ಒಂದು ಸಂಸ್ಥೆಯಾಗಿ ಕಟ್ಟಿದವರೂ ಇದ್ದಾರೆ. ರಾಬರ್ಟ್ ನೆಮಿರಾಫ್ ಮತ್ತು ಜೆರ್ರಿ ಬೊನೆಲ್ ಎಂಬ ಇಬ್ಬರು ಖಗೋಳಜ್ಞರು 1995ರ ಜೂನ್ 16ರಂದು ‘ದಿನಕ್ಕೊಂದು ಖಗೋಳ ಚಿತ್ರ’ ಎಂಬ ಜಾಲತಾಣ ಶುರುಮಾಡಿದರು. ಅಪಾಡ್ ಎಂಬ ಚುಟುಕು ಹೆಸರಿನಿಂದ ಅದು ಹೆಚ್ಚು ಪರಿಚಿತ. ನಾಸಾದ ಆಶ್ರಯದಲ್ಲಿ ನಡೆಯುವ ಇದರಲ್ಲಿ ದಿನಕ್ಕೊಂದೇ ಚಿತ್ರ, ಕೆಳಗೆ ನಾಲ್ಕಾರು ಸಾಲಿನ ವಿವರಣೆ. ಹಬಲ್ ಚಿತ್ರ ಬಂದ ಮರುದಿನ ಯಾರದೋ ಹಿತ್ತಲಿನ ಚಿತ್ರ ಅದೇ ಮರ್ಯಾದೆಯಿಂದ ಬರುತ್ತದೆ. ಹವ್ಯಾಸಿಗಳಿಗೆ ಅಪಾಡ್‌ನಲ್ಲಿ ಒಂದು ಸಲ ಬಂದರೆ ರಣಜಿ ತಂಡಕ್ಕೆ ಆಯ್ಕೆಯಾದಷ್ಟು ಸಂಭ್ರಮ.

2007ರ ಜುಲೈನಲ್ಲಿ ಆರಂಭವಾದ ಗೆಲಾಕ್ಸಿ ಝೂ ಎಂಬ ಜಾಲತಾಣ ಇನ್ನೊಂದು ಬಗೆ. ಸ್ಲೋನ್ ಎಂಬ ಆಕಾಶ ಸಮೀಕ್ಷೆಯಲ್ಲಿ ಸಿಕ್ಕ ಸುಮಾರು ಹತ್ತು ಲಕ್ಷ ಗೆಲಾಕ್ಸಿಗಳನ್ನು ಸುರುಳಿಯೋ ಅಂಡಾಕಾರವೋ ಎಂದು ವಿಂಗಡಿಸಬೇಕಿತ್ತು. ಕ್ರಿಸ್ ಲಿಂಟಾಟ್, ಕೆವಿನ್ ಶಾವಿನ್‌ಸ್ಕಿ ಮತ್ತು ಸಂಗಡಿಗರು ಈ ಕೆಲಸವನ್ನು ಜನರ ಮುಂದಿಟ್ಟರು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷ ಜನ ಸೇರಿ ಐದು ಕೋಟಿಗೂ ಹೆಚ್ಚು ವಿಂಗಡಣೆ ಮಾಡಿಕೊಟ್ಟರು. ಒಂದು ತಮಾಷೆಯೂ ಆಯಿತು. ಅಪ್ರದಕ್ಷಿಣೆಯಾಗಿ ತಿರುಗುವ ಸುರುಳಿಗಳೇ ಹೆಚ್ಚು ಎಂದು ಲೆಕ್ಕ ಬಂತು. ವಿಶ್ವಕ್ಕೇ ಒಂದು ಒಲವಿದೆಯೇ ಎಂದು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸಿದರು. ಆಗಲೂ ಅಪ್ರದಕ್ಷಿಣೆಯೇ ಹೆಚ್ಚು! ಒಲವಿದ್ದದ್ದು ನಮ್ಮ ಕಣ್ಣಿಗೆ.

ಅಲ್ಲಿ ಚಿತ್ರ ನೋಡುತ್ತಿದ್ದ ನೆದರ್ಲೆಂಡ್ಸಿನ ಶಾಲಾ ಶಿಕ್ಷಕಿ ಹಾನಿ ಫಾನ್ ಆರ್ಕೆಲ್ ಒಂದು ಗೆಲಾಕ್ಸಿಯ ಪಕ್ಕ ವಿಚಿತ್ರ ಬಣ್ಣದ ಮುದ್ದೆ ಕಂಡು ಇದೇನೆಂದು ಕೇಳಿದರು. ಆಕೆ ಅಲ್ಲಿಗೆ ಬಂದದ್ದು ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ, ಖಗೋಳವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಬ್ರಯಾನ್ ಮೇ ಬರೆದದ್ದನ್ನು ಓದಿ. ಆ ಮುದ್ದೆ ಏನೆಂದು ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. ಗೆಲಾಕ್ಸಿಯ ನಡುವಿನ, ಕ್ವೇಸಾರ್ ಎಂಬ ಅತಿ ಪ್ರಖರ ಕೇಂದ್ರ ಒಂದು ಕಾಲಕ್ಕೆ ಧಗಧಗಿಸಿ ಈಗ ತಣ್ಣಗಾಗಿದೆ, ಅದರ ಹಳೆಯ ಬೆಳಕು ತಾಗಿ ಹೊಳೆಯುತ್ತಿರುವ ಅನಿಲ ಅದು ಎಂಬ ವಿವರಣೆ ಆಮೇಲೆ ಬಂತು. ಇಂದು ಅದಕ್ಕೆ ‘ಹಾನಿಯ ವಸ್ತು’ ಎಂದೇ ಹೆಸರು, ಹಬಲ್ ಕೂಡ ಅದರ ಚಿತ್ರ ತೆಗೆದಿದೆ.

ನಗರದ ಆಕಾಶ ಕೆಟ್ಟಿದೆ, ನಮ್ಮಿಂದೇನಾದೀತು ಎನ್ನುವವರು ಅರ್ಜೆಂಟೀನಾದ ರೊಸಾರಿಯೊ ನಗರದ ವಿಕ್ಟರ್ ಬುಸೊ ಕತೆ ಕೇಳಬೇಕು. ಬೀಗ ರಿಪೇರಿ ಅವರ ಕಸುಬು. 2016ರ ಸೆಪ್ಟೆಂಬರ್ 20ರ ರಾತ್ರಿ ಹೊಸ ಕ್ಯಾಮೆರಾ ಪರೀಕ್ಷಿಸಲು 40 ಸೆಂಟಿಮೀಟರ್ ದೂರದರ್ಶಕವನ್ನು ಎನ್‌ಜಿಸಿ 613 ಗೆಲಾಕ್ಸಿಯತ್ತ ತಿರುಗಿಸಿದರು. ಊರ ದೀಪಗಳ ಬೆಳಕಿನಿಂದಾಗಿ 20 ಸೆಕೆಂಡಿನ ಚಿಕ್ಕ ಚಿಕ್ಕ ಫ್ರೇಮು. ಮೊದಲ ಚಿತ್ರಗಳಲ್ಲಿ ಇಲ್ಲದ ಚುಕ್ಕಿಯೊಂದು ಆಮೇಲಿನವುಗಳಲ್ಲಿ ಮೂಡಿ ಬೆಳೆಯುತ್ತಿತ್ತು. ನಕ್ಷತ್ರ ಸಿಡಿಯುವಾಗ ಮೊದಲ ಬೆಳಕು ಹೊರಬೀಳುವ ಗಳಿಗೆಯೇ ಅವರ ಕ್ಯಾಮೆರಾಕ್ಕೆ ಸಿಕ್ಕಿತ್ತು. ವಿಜ್ಞಾನಿಗಳ ಪ್ರಬಂಧ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಾಗ ಬುಸೊ ಹೆಸರೂ ಅದರಲ್ಲಿತ್ತು.

ನಮ್ಮಲ್ಲಿ ಈ ಹವ್ಯಾಸಕ್ಕೆ ನೆಲ ಹದ ಮಾಡಿದವರು ಬರಹಗಾರರು. ಜಿ.ಟಿ. ನಾರಾಯಣ ರಾವ್ ಅಂಥವರು ಕನ್ನಡದಲ್ಲೇ ನಕ್ಷತ್ರಗಳ ಗುರುತು ಹೇಳಿಕೊಟ್ಟರು. ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳವೀಕ್ಷಕರ ಸಂಘಗಳಿವೆ, ಜವಾಹರಲಾಲ್ ನೆಹರು ತಾರಾಲಯ ಇದೆ. ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿರುವ ‘ಚಂದ್ರ’ ಎಂಬ ಹೆಸರಿನ, ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ಹಾನ್ಲೆಯ ಉಸ್ತುವಾರಿ ಎಂಜಿನಿಯರ್ ದೋರ್ಜೆ ಅಂಗ್‌ಚುಕ್ ಸ್ವತಃ ಹೆಸರಾಂತ ಖಗೋಳ ಛಾಯಾಗ್ರಾಹಕ. 2024ರ ಮೇ ತಿಂಗಳ ಸೌರಬಿರುಗಾಳಿಗೆ ಹಾನ್ಲೆಯ ಆಕಾಶ ಕೆಂಪೇರಿದ್ದನ್ನು ಜಗತ್ತಿಗೆ ತೋರಿಸಿದವರಲ್ಲಿ ಅವರೂ ಒಬ್ಬರು. 2025ರಲ್ಲಿ ಅವರು ಬಿಡುಗಡೆ ಮಾಡಿದ ವಿಡಿಯೊದಲ್ಲಿ ಚುಕ್ಕಿಗಳೆಲ್ಲ ನಿಂತಲ್ಲೇ ನಿಂತಿವೆ, ಬೆಟ್ಟಗುಡ್ಡದ ಸಮೇತ ನೆಲ ತಿರುಗುತ್ತಿದೆ. ಭೂಮಿ ತಿರುಗುತ್ತದೆಂದು ಶಾಲೆಯಲ್ಲಿ ಓದಿದ್ದನ್ನು ಕಣ್ಣಾರೆ ಕಾಣಬೇಕೆಂದರೆ ಅದನ್ನು ನೋಡಿ. ಹಾನ್ಲೆ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆ ಆಕಾಶದ ಮೀಸಲು ತಾಣವಾಗಿ ಘೋಷಿಸಲಾಗಿದೆ.

ಶುರು ಮಾಡಬೇಕೆನ್ನುವವರು ದೂರದರ್ಶಕಕ್ಕೆ ದುಡ್ಡು ಸುರಿಯುವುದು ಬೇಡ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಸಂಜೆಯೇ ಕಾಣಸಿಗುತ್ತದೆ. ಮೂರು ಚುಕ್ಕಿಯ ಸೊಂಟಪಟ್ಟಿಯ ಕೆಳಗೆ ನೇತಾಡುವ ಕತ್ತಿಯಲ್ಲಿ ಮಂಜಿನಂಥದೊಂದಿದೆ, ಅದೇ ಎಂ-42 ನೀಹಾರಿಕೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಾಚೆ ಹೋಗಿ, ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಹತ್ತು ಸೆಕೆಂಡಿನ ಫ್ರೇಮುಗಳನ್ನು ತೆಗೆಯಿರಿ. ಕೂಡಿಸುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಕಣ್ಣಲ್ಲೇ ನೋಡಲು 10x50 ಬೈನಾಕ್ಯುಲರ್ ಸಾಕು. ಅದನ್ನು ಹಗಲಲ್ಲಿ ಸೂರ್ಯನತ್ತ ಮಾತ್ರ ಯಾವತ್ತೂ ಹಿಡಿಯಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಕೊಡುವಾಗ ಇದನ್ನು ಎರಡೆರಡು ಸಲ ಹೇಳಿ.