ಗೈಗರ್ ಯಂತ್ರಕ್ಕೆ ಕಾಣದ ಧೂಳು: ಹಳೆಯ ಅಣು ರಿಯಾಕ್ಟರ್‌ಗಳಲ್ಲಿ ಬೆರಿಲಿಯಂ ಪತ್ತೆ ಹೇಗೆ?

ಮುಚ್ಚಿದ ಅಣು ರಿಯಾಕ್ಟರ್ ಕಟ್ಟಡವನ್ನು ಕೆಡವಲು ಬರುವವರು ಮೊದಲು ಕೈಗೆತ್ತಿಕೊಳ್ಳುವುದು ವಿಕಿರಣ ಅಳೆಯುವ ಉಪಕರಣವನ್ನು. ಆದರೆ ಕೆಲವು ಕಟ್ಟಡಗಳಲ್ಲಿ ಆ ಉಪಕರಣ ಮೌನವಾಗಿದ್ದರೂ ಕಾರ್ಮಿಕನ ಶ್ವಾಸಕೋಶಕ್ಕೆ ಅಪಾಯ ತಪ್ಪಿದ್ದಲ್ಲ. ಇದಕ್ಕೆ ಕಾರಣ ಬೆರಿಲಿಯಂ ಎಂಬ ಹಗುರ ಲೋಹ. ಸಹಜ ಬೆರಿಲಿಯಂ ವಿಕಿರಣಶೀಲವಲ್ಲ. ಹಾಗಾಗಿ ಅದರ ಧೂಳು ಗೈಗರ್ ಯಂತ್ರಕ್ಕೆ ಸಿಕ್ಕುವುದೇ ಇಲ್ಲ.

ಬೆರಿಲಿಯಂ ನ್ಯೂಟ್ರಾನ್‌ಗಳನ್ನು ಹೀರಿಕೊಳ್ಳುವುದು ಅತ್ಯಲ್ಪ. ಅವುಗಳ ವೇಗ ತಗ್ಗಿಸಿ ಇಂಧನದತ್ತ ಮರಳಿಸುತ್ತದೆ. ಈ ಗುಣದಿಂದಾಗಿಯೇ ಸಂಶೋಧನಾ ರಿಯಾಕ್ಟರ್‌ಗಳಲ್ಲಿ ಅದಕ್ಕೆ ಬೇಡಿಕೆ.

ಒಂದೇ ಕಟ್ಟಡ, ಎರಡು ಪ್ರಯೋಗ

ಅಮೆರಿಕದ ಟೆನೆಸ್ಸಿ ರಾಜ್ಯದ ಓಕ್ ರಿಡ್ಜ್ ಪ್ರಯೋಗಾಲಯದ 7503ನೇ ಸಂಖ್ಯೆಯ ಕಟ್ಟಡ ಇದಕ್ಕೆ ಉತ್ತಮ ನಿದರ್ಶನ. ಅಣುಶಕ್ತಿಯಿಂದ ಹಾರುವ ಬಾಂಬರ್ ವಿಮಾನದ ಕನಸು ಹೊತ್ತು 1954ರಲ್ಲಿ ಇಲ್ಲಿ ನಡೆಸಿದ ಪ್ರಯೋಗದಲ್ಲಿ ಬೆರಿಲಿಯಂ ಆಕ್ಸೈಡ್ ಬಿಲ್ಲೆಗಳನ್ನು ಬಳಸಲಾಗಿತ್ತು. ಬಳಿಕ 1965ರಿಂದ 1969ರವರೆಗೆ ಅದೇ ಕಟ್ಟಡದಲ್ಲಿ ಕರಗಿದ ಲವಣದ ರಿಯಾಕ್ಟರ್ ನಡೆಯಿತು. ಆ ಲವಣದ ಪ್ರಮುಖ ಘಟಕಗಳಲ್ಲೊಂದು ಬೆರಿಲಿಯಂ ಫ್ಲೋರೈಡ್.

ರಿಯಾಕ್ಟರ್ ನಿಂತು ಕಾಲು ಶತಮಾನದ ನಂತರ, 1994ರಲ್ಲಿ, ಲವಣದಲ್ಲಿದ್ದ ಯುರೇನಿಯಂನ ಒಂದಂಶ ಅನಿಲ ಕೊಳವೆಗಳಿಗೆ ಸರಿದಿರುವುದು ಪತ್ತೆಯಾಯಿತು. ಲವಣದಿಂದ ಯುರೇನಿಯಂ ಬೇರ್ಪಡಿಸುವ ಕಾರ್ಯ ಮುಗಿದದ್ದು 2008ರಲ್ಲಿ. ಇಂಥ ಕಟ್ಟಡದಲ್ಲಿ ಒಂದು ಕೊಳವೆಯನ್ನು ಕತ್ತರಿಸುವವನೂ ವಿಕಿರಣ, ಫ್ಲೋರೈಡ್ ಹಾಗೂ ಬೆರಿಲಿಯಂ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ದಶಕಗಳ ನಂತರ ಎರಗುವ ಕಾಯಿಲೆ

ಗಟ್ಟಿ ಬೆರಿಲಿಯಂ ತುಂಡನ್ನು ಮುಟ್ಟಿದ ಮಾತ್ರಕ್ಕೆ ಶ್ವಾಸಕೋಶಕ್ಕೆ ಹಾನಿಯಿಲ್ಲ. ಸೂಕ್ಷ್ಮ ಧೂಳನ್ನು ಉಸಿರಾಡಿದಾಗ ಕೆಲವರ ದೇಹದ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ತಿರುಗಿ ಬೀಳುತ್ತದೆ. ಮೊದಲು ಯಾವುದೇ ಲಕ್ಷಣವಿಲ್ಲದ ಸಂವೇದನೆ; ಬಳಿಕ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳು, ಒಣಕೆಮ್ಮು, ಏದುಸಿರು. ಕೆಲಸ ಬಿಟ್ಟು ದಶಕಗಳಾದ ಮೇಲೂ ರೋಗ ಕಾಣಿಸಿಕೊಳ್ಳಬಹುದು. ಸ್ಟೀರಾಯ್ಡ್ ಔಷಧಿಗಳು ಅದನ್ನು ಹತೋಟಿಯಲ್ಲಿಡುತ್ತವೆಯೇ ಹೊರತು ಗುಣಪಡಿಸಲಾರವು.

1942ರಲ್ಲಿ ಎನ್ರಿಕೊ ಫರ್ಮಿ ನೇತೃತ್ವದಲ್ಲಿ ಶಿಕಾಗೊದಲ್ಲಿ ಜಗತ್ತಿನ ಮೊದಲ ರಿಯಾಕ್ಟರ್ ನಿರ್ಮಿಸಿದ ತಂಡದಲ್ಲಿದ್ದ ಭೌತವಿಜ್ಞಾನಿ ಹರ್ಬರ್ಟ್ ಆಂಡರ್ಸನ್, ಇದೇ ಕಾಯಿಲೆಯಿಂದ ದೀರ್ಘಕಾಲ ಬಳಲಿ 1988ರಲ್ಲಿ ನಿಧನರಾದರು.

ಮಾದರಿ ಸಂಗ್ರಹ ಹೇಗೆ?

ಪರೀಕ್ಷೆ ಆರಂಭವಾಗುವುದು ಕಡತಗಳಿಂದ. ಬೆರಿಲಿಯಂ ಯಾವ ಕೋಣೆಗೆ ಬಂತು, ಎಲ್ಲಿ ಕತ್ತರಿಸಲ್ಪಟ್ಟಿತು, ಎಲ್ಲಿ ಸೋರಿತು ಎಂಬುದನ್ನು ಹಳೆಯ ದಾಖಲೆ ಹಾಗೂ ನಿವೃತ್ತ ನೌಕರರ ನೆನಪಿನಿಂದ ಕಲೆಹಾಕಲಾಗುತ್ತದೆ. ನಂತರ 100 ಚದರ ಸೆಂಟಿಮೀಟರ್ ಅಳತೆಯ ಜಾಗವನ್ನು ಒದ್ದೆ ಬಟ್ಟೆಯ ತುಣುಕಿನಿಂದ ಒರೆಸಿ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಜನ ನಿತ್ಯ ಓಡಾಡುವ ನೆಲಕ್ಕಿಂತ ಗಾಳಿಯ ನಾಳ, ತೊಲೆಯ ಮೇಲ್ಭಾಗ, ದೀಪದ ಕವಚ, ಕೇಬಲ್ ತಟ್ಟೆಗಳಂತಹ ಕೈಗೆಟುಕದ ಜಾಗಗಳೇ ಹೆಚ್ಚು ಮುಖ್ಯ. ಹಳೆಯ ಧೂಳು ಉಳಿದಿರುವುದು ಅಲ್ಲಿಯೇ.

ಅಮೆರಿಕದ ಇಂಧನ ಇಲಾಖೆ 1999ರಲ್ಲಿ ಪ್ರಕಟಿಸಿದ ನಿಯಮದಂತೆ, ಒಂದು ಉಪಕರಣವನ್ನು ಸಾರ್ವಜನಿಕ ಬಳಕೆಗೆ ಬಿಡಬೇಕಾದರೆ ಅದರ 100 ಚದರ ಸೆಂಟಿಮೀಟರ್ ಮೇಲ್ಮೈಯಲ್ಲಿ ಬೆರಿಲಿಯಂ 0.2 ಮೈಕ್ರೋಗ್ರಾಂ ಮೀರುವಂತಿಲ್ಲ. ಗಾಳಿಯ ವಿಷಯದಲ್ಲಿ 1949ರಿಂದ ಘನಮೀಟರ್‌ಗೆ 2 ಮೈಕ್ರೋಗ್ರಾಂ ಎಂಬ ಮಿತಿ ಜಾರಿಯಲ್ಲಿತ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತವು ಅದನ್ನು ಹತ್ತನೇ ಒಂದಂಶಕ್ಕೆ, ಅಂದರೆ 0.2ಕ್ಕೆ ಇಳಿಸಿದ್ದು 2017ರಲ್ಲಿ.

ಮಣ್ಣಿನದೋ, ರಿಯಾಕ್ಟರಿನದೋ?

ತಜ್ಞರನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಭೂಮಿಯ ಹೊರಪದರದಲ್ಲಿ ಪ್ರತಿ ಗ್ರಾಂಗೆ ಸರಾಸರಿ 2ರಿಂದ 3 ಮೈಕ್ರೋಗ್ರಾಂ ಬೆರಿಲಿಯಂ ಸಹಜವಾಗಿಯೇ ಇದೆ. ಈ ಲೆಕ್ಕದಲ್ಲಿ ಒರೆಸಿದ ಜಾಗದಲ್ಲಿ ಗ್ರಾಂನ ಹತ್ತನೇ ಒಂದಂಶದಷ್ಟು ಹೊರಗಿನ ಮಣ್ಣಿನ ಧೂಳಿದ್ದರೂ ಸಾಕು, ಫಲಿತಾಂಶ 0.2 ಮೈಕ್ರೋಗ್ರಾಂ ಮುಟ್ಟಬಹುದು. ಆದ್ದರಿಂದ ಧೂಳಿನಲ್ಲಿರುವ ಇತರ ಧಾತುಗಳ ಪ್ರಮಾಣವನ್ನೂ ಅಳೆದು, ಅದೇ ಊರಿನ ಮಣ್ಣಿನೊಂದಿಗೆ ಹೋಲಿಸಲಾಗುತ್ತದೆ. ಇತರ ಧಾತುಗಳಿಗೆ ಹೋಲಿಸಿದಾಗ ಬೆರಿಲಿಯಂ ಮಾತ್ರ ಹೆಚ್ಚಿದ್ದರೆ ಅದು ಕಟ್ಟಡದ ಕೊಡುಗೆ ಎಂದು ಭಾವಿಸಬೇಕಾಗುತ್ತದೆ.

ಇನ್ನೊಂದು ತೊಡಕೆಂದರೆ, ಅಧಿಕ ತಾಪದಲ್ಲಿ ಸುಟ್ಟ ಬೆರಿಲಿಯಂ ಆಕ್ಸೈಡ್ ಸಾಮಾನ್ಯ ಆಮ್ಲಗಳಲ್ಲಿ ಸುಲಭವಾಗಿ ಕರಗದು. ಸೂಕ್ತ ರಾಸಾಯನಿಕ ಬಳಸದಿದ್ದರೆ ಇರುವ ಬೆರಿಲಿಯಂ ಕೂಡ ವರದಿಯಲ್ಲಿ ‘ಇಲ್ಲ’ ಎಂದಾಗಬಹುದು. ಮಾದರಿಯಲ್ಲಿ ವಿಕಿರಣವೂ ಇದ್ದರೆ ಅದನ್ನು ಸ್ವೀಕರಿಸಲು ಅನುಮತಿಯಿರುವ ಪ್ರಯೋಗಾಲಯವೇ ಬೇಕು.

ಕಾರ್ಮಿಕರ ಪಾಲಿಗೆ

ವರದಿಯ ಒಂದು ಅಂಕಿ ಅನೇಕ ನಿರ್ಧಾರಗಳಿಗೆ ಆಧಾರ: ಉಸಿರಾಟದ ಮುಖಕವಚ ಬೇಕೆ, ಕೋಣೆಯನ್ನು ಮುಚ್ಚಿ ಒಳಗಿನ ಗಾಳಿಯನ್ನು ಸೋಸಬೇಕೆ, ಯಾರ ರಕ್ತಪರೀಕ್ಷೆ ನಡೆಯಬೇಕು. ಅಮೆರಿಕದಲ್ಲಿ 2000ದ ಕಾಯ್ದೆಯನ್ವಯ ಈ ಕಾಯಿಲೆ ಸಾಬೀತಾದ ಅಣು ಕಾರ್ಮಿಕರಿಗೆ 1,50,000 ಡಾಲರ್ ಪರಿಹಾರವಿದೆ. ಯಾವ ಕಟ್ಟಡದಲ್ಲಿ ಬೆರಿಲಿಯಂ ಇತ್ತೆಂಬ ದಾಖಲೆ ಅಲ್ಲಿಯೂ ಮುಖ್ಯವಾಗುತ್ತದೆ.

ಭಾರತಕ್ಕೂ ಈ ವಿಷಯ ದೂರದ್ದಲ್ಲ. ಕಲ್ಪಾಕಂನಲ್ಲಿ 1996ರಲ್ಲಿ ಆರಂಭವಾದ ‘ಕಾಮಿನಿ’ ಹಾಗೂ ಟ್ರಾಂಬೆಯಲ್ಲಿ 2018ರಲ್ಲಿ ಚಾಲನೆಗೊಂಡ ‘ಅಪ್ಸರಾ-ಯು’ ರಿಯಾಕ್ಟರ್‌ಗಳೆರಡರಲ್ಲೂ ಬೆರಿಲಿಯಂ ಆಕ್ಸೈಡ್ ಪ್ರತಿಫಲಕಗಳಿವೆ. ಮುಂದೊಂದು ದಿನ ಅವುಗಳನ್ನು ಬಿಚ್ಚುವವರಿಗೆ ನೆರವಾಗುವುದು ಇಂದು ಜೋಪಾನವಾಗಿ ಬರೆದಿಟ್ಟ ಕಡತಗಳೇ.