ಎಫ್‌ಪಿಜಿಎ ಚಿಪ್‌ಗಳ ರಕ್ಷಣೆ: ಗುಟ್ಟೊಂದೇ ಸಾಲದು

ಕಾರ್ಖಾನೆಯಿಂದ ಹೊರಬಂದ ಮೇಲೂ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್‌ಗೆ ಎಫ್‌ಪಿಜಿಎ ಎಂದು ಹೆಸರು. ಅಮೆರಿಕದ ಝೈಲಿಂಕ್ಸ್ ಕಂಪನಿ 1985ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇಂದು ಮೊಬೈಲ್ ಟವರ್, ವೈದ್ಯಕೀಯ ಸ್ಕ್ಯಾನರ್, ಉಪಗ್ರಹಗಳಲ್ಲೆಲ್ಲ ಇವು ದುಡಿಯುತ್ತಿವೆ.

ಚಿಪ್ ಏನಾಗಬೇಕೆಂದು ತಿಳಿಸುವ ಫೈಲ್‌ಗೆ ಬಿಟ್‌ಸ್ಟ್ರೀಮ್ ಎನ್ನುತ್ತಾರೆ. ಬಹುಪಾಲು ಎಫ್‌ಪಿಜಿಎಗಳಲ್ಲಿ ವಿದ್ಯುತ್ ಹೋದೊಡನೆ ಇದು ಅಳಿಸಿಹೋಗುತ್ತದೆ. ಆದ್ದರಿಂದ ಯಂತ್ರ ಚಾಲೂ ಆದಾಗಲೆಲ್ಲ ಪಕ್ಕದ ಫ್ಲ್ಯಾಶ್ ಮೆಮೊರಿಯಿಂದ ಅದನ್ನು ಮತ್ತೆ ಓದಿಕೊಳ್ಳಬೇಕು. ಅಪಾಯವಿರುವುದು ಇಲ್ಲೇ. ಆ ಮೆಮೊರಿ ಕೈಗೆ ಸಿಕ್ಕವರು ವಿನ್ಯಾಸವನ್ನು ಕದಿಯಬಹುದು, ತಿದ್ದಲೂಬಹುದು. ತಿದ್ದಿದಾಗ ಬದಲಾಗುವುದು ಯಂತ್ರಾಂಶವೇ ಆದ್ದರಿಂದ, ಅದನ್ನು ನಂಬಿ ನಡೆಯುವ ತಂತ್ರಾಂಶಕ್ಕೆ ಸುಳಿವೂ ಸಿಗದಿರಬಹುದು.

ಯಾರ ಕೈವಾಡವಿಲ್ಲದೆಯೂ ಬಿಟ್‌ಸ್ಟ್ರೀಮ್ ಕೆಡುವುದುಂಟು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ವಿಶ್ವಕಿರಣಗಳಿಂದ ಹುಟ್ಟಿದ ಕಣಗಳು ತಾಗಿ ಚಿಪ್‌ನೊಳಗಿನ ಬಿಟ್ ಮಗುಚುತ್ತದೆ. ಇದನ್ನು ಹಿಡಿಯಲು ಸಿಆರ್‌ಸಿ ಎಂಬ ತಾಳೆಲೆಕ್ಕವಿದೆ. ಲೆಕ್ಕ ತಪ್ಪಿದರೆ, ಕಾದಿರಿಸಿದ ಸುಸ್ಥಿತಿಯ ಪ್ರತಿಗೆ ಮರಳುವಂತೆ ಚಿಪ್ಪನ್ನು ಸಜ್ಜುಗೊಳಿಸಬಹುದು. ಆದರೆ ಸಿಆರ್‌ಸಿಯನ್ನು ಯಾರು ಬೇಕಾದರೂ ಲೆಕ್ಕಹಾಕಬಹುದು. ಆಕಸ್ಮಿಕ ದೋಷಕ್ಕೆ ಅದು ಸಾಕು, ಕಿಡಿಗೇಡಿಗೆ ಸಾಲದು.

ಅದಕ್ಕೆಂದೇ ಬಿಟ್‌ಸ್ಟ್ರೀಮನ್ನು ಗೂಢಲಿಪಿಯಲ್ಲಿ ಇಡುವ ರೂಢಿ ಬಂತು. ಅದರ ಮಿತಿಯನ್ನು 2020ರಲ್ಲಿ ಜರ್ಮನಿಯ ಬೋಹುಮ್‌ನ ಸಂಶೋಧಕರು ‘ಸ್ಟಾರ್‌ಬ್ಲೀಡ್’ ದಾಳಿಯಿಂದ ತೋರಿಸಿದರು. ಝೈಲಿಂಕ್ಸ್‌ನ 7-ಸರಣಿಯ ಚಿಪ್‌ಗಳು ಗೂಢಲಿಪಿಯನ್ನು ಬಿಡಿಸುತ್ತ ಆಜ್ಞೆಗಳನ್ನು ಪಾಲಿಸುತ್ತಿದ್ದವು. ಫೈಲ್ ಅಸಲಿಯೇ ಎಂದು ನೋಡುತ್ತಿದ್ದದ್ದು ಕೊನೆಯಲ್ಲಿ. ಸಂಶೋಧಕರು ಫೈಲ್‌ನ ಕೆಲವು ಬಿಟ್‌ಗಳನ್ನಷ್ಟೇ ತಿದ್ದಿ, ಬಿಡಿಸಿದ ಮಾಹಿತಿಯನ್ನು ಚಿಪ್‌ನ ಒಂದು ರಿಜಿಸ್ಟರ್‌ಗೆ ಬರೆಯಿಸಿದರು. ಪರೀಕ್ಷೆಯಲ್ಲಿ ಸೋತು ಚಿಪ್ ಮರುಚಾಲನೆಯಾದರೂ ಆ ರಿಜಿಸ್ಟರ್ ಅಳಿಯುತ್ತಿರಲಿಲ್ಲ. ಹೀಗೆ ಒಮ್ಮೆಗೆ 32 ಬಿಟ್‌ನಂತೆ ಇಡೀ ವಿನ್ಯಾಸ ಹೊರಬಂತು. ಅಸಲಿತನದ ಪರೀಕ್ಷೆಗೆ ಬೇಕಾದ ಕೀಲಿಯೂ ಅದೇ ಫೈಲ್‌ನೊಳಗಿತ್ತು! ಹಾಗಾಗಿ ನಕಲಿ ಬಿಟ್‌ಸ್ಟ್ರೀಮ್ ತಯಾರಿಸುವುದೂ ಸಾಧ್ಯವಾಯಿತು. ದೋಷ ಸಿಲಿಕಾನ್‌ನಲ್ಲೇ ಇದ್ದುದರಿಂದ ಅಪ್‌ಡೇಟ್‌ನಿಂದ ಸರಿಪಡಿಸುವಂತಿರಲಿಲ್ಲ.

ಆದ್ದರಿಂದ ಭದ್ರ ವಿನ್ಯಾಸದಲ್ಲಿ ಪರೀಕ್ಷೆ ಮೊದಲು, ಪಾಲನೆ ಆಮೇಲೆ. ತಯಾರಕರ ಡಿಜಿಟಲ್ ಸಹಿ ತಾಳೆಯಾದರೆ ಮಾತ್ರ ಚಿಪ್ ಬಿಟ್‌ಸ್ಟ್ರೀಮನ್ನು ಒಪ್ಪಿಕೊಳ್ಳಬೇಕು. ಗೂಢಲಿಪಿಯ ಕೀಲಿ ಹೊರಗಿನಿಂದ ಓದಲಾಗದ ಫ್ಯೂಸ್‌ಗಳಲ್ಲೋ ಬ್ಯಾಟರಿ ಬೆಂಬಲದ ಮೆಮೊರಿಯಲ್ಲೋ ಇರಬೇಕು. ಪರೀಕ್ಷೆಗೆಂದು ಇಟ್ಟ ಜೆಟ್ಯಾಗ್ ಪೋರ್ಟನ್ನು ಮಾರಾಟಕ್ಕೆ ಮೊದಲೇ ಮುಚ್ಚಬೇಕು. ಸಹಿ ಇದ್ದರೂ ದೋಷವುಳ್ಳ ಹಳೆಯ ಆವೃತ್ತಿಗಳನ್ನು ತಿರಸ್ಕರಿಸುವ ವ್ಯವಸ್ಥೆಯೂ ಬೇಕು.